ಎಡಗಡೆಯ ಮೇಲ್ಮೂಲೆ

ಅವರನ್ನು ಎಲ್ಲರೂ ಇಸ್ತ್ರಿ ಟೀಚರ್ ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಡಾಕ್ಟರುಗಳ ಕೋಟು, ರೋಗಿಗಳ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವರ ಕೆಲಸ. ನಾಲ್ಕು ಗಂಟೆಗೆ ಮೈದಾನಕ್ಕೆ ಹೋಗಿ ಹೆಣ್ಣುಮಕ್ಕಳ ಲಕ್ರಾಸ್ ತಂಡಕ್ಕೆ ತರಬೇತಿ ಕೊಡುವುದು ಅವರ ಹುಚ್ಚು. ಉದ್ದ ಕೋಲಿನ ತುದಿಯಲ್ಲಿರುವ ಬಲೆಯಲ್ಲಿ ಚೆಂಡಿಟ್ಟುಕೊಂಡು ಓಡಿ, ಒಬ್ಬರಿಂದೊಬ್ಬರಿಗೆ ದಾಟಿಸಿ, ಎದುರಾಳಿಯ ಗೋಲಿನೊಳಕ್ಕೆ ಎಸೆಯುವ ಆಟ ಅದು. ಚೆಂಡು ಗಟ್ಟಿ ರಬ್ಬರಿನದು. ತಾಗಿದರೆ ಮೂಳೆಗೇ ತಾಗುತ್ತದೆ.

ಅವರು ಕಲಿಸುತ್ತಿದ್ದುದು ಮುಖ್ಯವಾಗಿ ದಾಳಿ, ದಾಳಿಯಲ್ಲೂ ಮೋಸ. ಮೊದಲ ಎರಡು ತಿಂಗಳು ಹೊಸ ಹುಡುಗಿಯರಿಗೆ ಗೋಡೆಯೇ ಗತಿ. ಲಾಂಡ್ರಿಯ ಹಿಂದಿನ ಸಿಮೆಂಟ್ ಗೋಡೆಗೆ ಬಲಗೈಯಲ್ಲಿ ನೂರು, ಎಡಗೈಯಲ್ಲಿ ನೂರು ಸಲ ಚೆಂಡು ಎಸೆದು ಹಿಡಿಯಬೇಕು. ಕೈ ಪಳಗಿದ ಮೇಲೆಯೇ ಸುಳ್ಳಿನ ಪಾಠ.

"ಕೈ ಒಂದೇ ಸುಳ್ಳು ಹೇಳಿದ್ರೆ ಸಾಲ್ದು. ಭುಜ, ಸೊಂಟ, ಕಣ್ಣು, ಎಲ್ಲಾ ಸೇರಿ ಒಂದೇ ಸುಳ್ಳು ಹೇಳ್ಬೇಕು. ಮನೆಗೆ ಲೇಟಾಗಿ ಹೋದಾಗ ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದ್ರೆ ನಿಮ್ಮಮ್ಮ ನಂಬ್ತಾರಾ?" ಎನ್ನುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಅವರು ಪಳಗಿಸಿದವರಲ್ಲಿ ಎಲ್ಲರಿಗಿಂತ ಚುರುಕಿನವಳು ಎಡಚಿ. ಬೇಕರಿಯಲ್ಲಿ ಕೆಲಸ ಮಾಡುವ ಇಪ್ಪತ್ತೊಂದು ವರ್ಷದ ಹುಡುಗಿ. ಎಡಗೈಯಲ್ಲಿ ಅವಳು ಎಸೆದರೆ ಚೆಂಡು ಸದ್ದು ಮಾಡಿದ ಮೇಲೆಯೇ ಕಣ್ಣಿಗೆ ಕಾಣುತ್ತಿತ್ತು. ಆದರೆ ಎಸೆಯುವ ಮುಂಚೆ ಅವಳ ನಾಲಿಗೆ ತುಟಿಯಿಂದಾಚೆ ಇಣುಕುತ್ತಿತ್ತು. ಎದುರಾಳಿ ಗೋಲ್‌ಕೀಪರ್‌ಗೆ ಅಷ್ಟು ಸಾಕು. ಟೀಚರ್ ಅದನ್ನು ಬಿಡಿಸಲು ಒಂದು ವರ್ಷ ತೆಗೆದುಕೊಂಡರು. ಆಮೇಲೆ ಆ ನಾಲಿಗೆಯನ್ನೇ ಬಳಸಿಕೊಳ್ಳುವುದನ್ನು ಕಲಿಸಿದರು: ನಾಲಿಗೆ ತೋರಿಸು, ಎಸೆಯಬೇಡ, ಪಕ್ಕದವಳಿಗೆ ದಾಟಿಸು. ಆ ವರ್ಷ ತಂಡ ಹದಿನಾಲ್ಕು ಪಂದ್ಯಗಳಲ್ಲಿ ಹನ್ನೆರಡನ್ನು ಗೆದ್ದು ಫೈನಲ್ ಮುಟ್ಟಿತು.

ಇಕ್ಕಟ್ಟು ಶುರುವಾದದ್ದು ಅಲ್ಲಿಂದ. ಫೈನಲಿನಲ್ಲಿ ಎದುರಾದ ತಂಡದ ಗೋಲ್‌ಕೀಪರ್ ಟೀಚರ್ ಅವರ ಸ್ವಂತ ಮಗಳು.

ಮಗಳಿಗೆ ಹತ್ತೊಂಬತ್ತು. ಮೂರು ವರ್ಷದ ಹಿಂದೆ ಅಮ್ಮನ ತಂಡಕ್ಕೇ ಸೇರಲು ಬಂದಿದ್ದಳು. ಟೀಚರ್ ಸೇರಿಸಿಕೊಂಡಿರಲಿಲ್ಲ. "ಮಗಳನ್ನೇ ಆರಿಸಿದ್ಲು ಅಂತ ಜನ ಆಡ್ಕೋತಾರೆ" ಎಂದಿದ್ದರು. ಮಗಳು ಚೀಲ ಹೆಗಲಿಗೇರಿಸಿ, ಎರಡು ಬಸ್ಸು ಬದಲಿಸಿ ಊರಿನ ಆಚೆ ತುದಿಯ ತಂಡ ಸೇರಿದಳು. ಈಗ ಅಲ್ಲಿ ಅವಳೇ ಮೊದಲ ಕೀಪರ್.

ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಟೀಚರ್ ಗಂಡ ತೀರಿಕೊಂಡ ಮೇಲೂ ಅತ್ತೆ ಅವರ ಜೊತೆಗೇ ಇದ್ದರು. ಫೈನಲಿಗೆ ಒಂದು ವಾರವಿದ್ದಾಗ ಅತ್ತೆಯೇ ಕಾನೂನು ಮಾಡಿದರು: "ಈ ಹೊಸಿಲು ದಾಟಿ ಆ ಚೆಂಡಿನ ಮಾತು ಒಳಗೆ ಬರಕೂಡ್ದು. ಬಂದ್ರೆ ಇಬ್ರಿಗೂ ಊಟ ಇಲ್ಲ."

ಕಾನೂನು ಪಾಲನೆಯಾಯಿತು. ಅದರಿಂದ ಮನೆಯೊಳಗೆ ಮಾತೇ ಇಲ್ಲದಂತಾಯಿತು. ಮಗಳು ಊಟಕ್ಕೆ ಕುಳಿತರೆ ಅಮ್ಮ ಒಲೆಯ ಕಡೆ ತಿರುಗುತ್ತಿದ್ದರು. ಅಮ್ಮ ಕುಳಿತರೆ ಮಗಳಿಗೆ ಬಟ್ಟೆ ಒಣಗಿಸುವ ನೆನಪಾಗುತ್ತಿತ್ತು. ನಡುವೆ ಅತ್ತೆ ಇಬ್ಬರ ಮುಖವನ್ನೂ ನೋಡುತ್ತ, "ಮನೇಲಿ ಎರಡು ಪೊಲೀಸ್ ಸ್ಟೇಷನ್ ಇದ್ದ ಹಾಗಿದೆ" ಎಂದು ಗೊಣಗುತ್ತಿದ್ದರು.

ಟೀಚರ್‌ಗೆ ಮಗಳ ಮುಖ ನೋಡಲಾಗದೆ ಇದ್ದುದಕ್ಕೆ ಕಾರಣವಿತ್ತು. ಅವರಿಗೆ ಮಗಳ ಒಂದು ದೋಷ ಗೊತ್ತಿತ್ತು. ಎಡಗಡೆ ಮೇಲ್ಮೂಲೆಗೆ ಚೆಂಡು ಬಂದರೆ ಅವಳ ತಲೆ ಬಲಕ್ಕೆ ವಾಲುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ. ಹೆಲ್ಮೆಟ್ಟಿನ ಜಾಲರಿಯ ಹಿಂದೆ ಅದು ಯಾರಿಗೂ ಕಾಣದು. ಅವಳ ತಂಡದ ಕೋಚ್‌ಗೇ ಕಂಡಿರಲಿಲ್ಲ. ಆದರೆ ಆ ಕ್ಷಣದಲ್ಲಿ ಅವಳು ಕುರುಡಿ. ಮೇಲಾಗಿ, ತಿರುಗಿದ ಕುತ್ತಿಗೆಯ ಪಕ್ಕಕ್ಕೆ ಕಾಪು ಇರುವುದಿಲ್ಲ.

ಆ ದೋಷ ಎಲ್ಲಿಂದ ಬಂತೆಂಬುದೂ ಅವರಿಗೆ ಗೊತ್ತಿತ್ತು. ಮಗಳಿಗೆ ಹದಿನಾಲ್ಕಾಗಿದ್ದಾಗ ಒಂದು ಸಂಜೆ ಖಾಲಿ ಮೈದಾನದಲ್ಲಿ ಇಬ್ಬರೇ ಅಭ್ಯಾಸ ಮಾಡುತ್ತಿದ್ದರು. ಟೀಚರ್ ಕೆಳಗೆ ಎಸೆಯುವಂತೆ ಭುಜ ಬಗ್ಗಿಸಿದರು. ಮಗಳು ನಂಬಿ ಬಗ್ಗಿದಳು. ಚೆಂಡು ಮೇಲಿನಿಂದ ಬಂದು ಅವಳ ಎಡ ಕತ್ತಿನ ಬುಡಕ್ಕೆ ಬಡಿಯಿತು. ಕೊರಳೆಲುಬು ಮುರಿದ ಸದ್ದು ಹನ್ನೆರಡು ಹೆಜ್ಜೆ ದೂರದಲ್ಲಿದ್ದ ಟೀಚರ್‌ಗೂ ಕೇಳಿಸಿತು. ಆರು ವಾರ ಕೈ ಜೋಳಿಗೆಯಲ್ಲಿ. ಮಗಳು ಮತ್ತೆ ಗೋಲಿನಲ್ಲಿ ನಿಂತಳು. ಆದರೆ ಅಮ್ಮ ಅವಳ ಕಡೆಗೆ ಮತ್ತೊಂದು ಚೆಂಡು ಎಸೆಯಲಿಲ್ಲ.

ಫೈನಲಿನ ಹಿಂದಿನ ದಿನ ಮಧ್ಯಾಹ್ನ ಮಗಳು ಕಾನೂನು ಮುರಿದಳು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಟೀಚರ್ ಪಾತ್ರೆ ತೊಳೆಯುತ್ತಿದ್ದರು. ಮಗಳು ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ಒಂದು ಕೇಳ್ತೀನಿ. ಕೋಚ್ ಆಗಿ ಅಲ್ಲ, ಅಮ್ಮ ಆಗಿ ಹೇಳು. ನನ್ನ ಆಟದಲ್ಲಿ ಏನಾದ್ರೂ ತಪ್ಪಿದೆಯಾ? ಈ ವರ್ಷ ಹತ್ತು ಗೋಲು ಒಂದೇ ಮೂಲೇಲಿ ಬಿಟ್ಟಿದ್ದೀನಿ. ಯಾಕೆ ಅಂತ ಗೊತ್ತಾಗ್ತಿಲ್ಲ."

ನಲ್ಲಿ ಸುರಿಯುತ್ತಲೇ ಇತ್ತು. ಹೇಳಿದರೆ ತನ್ನನ್ನೇ ನಂಬಿದ ಹನ್ನೊಂದು ಹುಡುಗಿಯರಿಗೆ ದ್ರೋಹ. ಹೇಳದಿದ್ದರೆ ಹೆತ್ತ ಮಗಳಿಗೆ. ನುಂಗಲೂ ಆಗದ, ಉಗಿಯಲೂ ಆಗದ ತುತ್ತು ಅದು.

"ಇಲ್ಲ," ಎಂದರು ಟೀಚರ್. ಕೈ, ಭುಜ, ಕಣ್ಣು ಎಲ್ಲವೂ ಸೇರಿ ಒಂದೇ ಸುಳ್ಳು ಹೇಳಿದವು. "ಚೆನ್ನಾಗಿ ಆಡ್ತಿದ್ದೀಯ."

ಮಗಳು ನಂಬಿದಳು. "ಸರಿ" ಎಂದು ಸ್ವಲ್ಪ ನಕ್ಕು ಒಳಗೆ ಹೋದಳು. ಟೀಚರ್ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು. ತನ್ನ ತಂಡದವರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದರು. ಎರಡೂ ಕಡೆ ಬಾಯಿ ಮುಚ್ಚಿಕೊಂಡರೆ ಯಾರಿಗೂ ಅನ್ಯಾಯವಾಗದು ಎಂಬ ಲೆಕ್ಕ.

ಮರುದಿನ ಮೈದಾನದ ಮೆಟ್ಟಿಲುಗಳ ಮೇಲೆ ಅತ್ತೆ ಎರಡು ತಂಡಗಳ ಬೆಂಬಲಿಗರ ನಡುವೆ, ಸರಿಯಾಗಿ ಮಧ್ಯದಲ್ಲಿ ಕುಳಿತರು. ಯಾರೋ ಕೇಳಿದ್ದಕ್ಕೆ, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚೋಕೆ ನನ್ನ ಕೈಲಾಗಲ್ಲಪ್ಪ. ಯಾರು ಸೋತ್ರೂ ಅಳ್ತೀನಿ" ಎಂದರು.

ಮೊದಲರ್ಧದಲ್ಲಿ ಮಗಳು ಗೋಡೆಯಂತೆ ನಿಂತಳು. ಎಡಚಿ ಐದು ಸಲ ಎಸೆದಳು, ಒಂದೇ ಒಳಗೆ ಹೋಯಿತು. ಟೀಚರ್ ತಂಡ ಆರಕ್ಕೆ ಮೂರರಿಂದ ಹಿಂದಿತ್ತು. ಪ್ರತಿಸಲ ಮಗಳು ಚೆಂಡು ತಡೆದಾಗಲೂ ಟೀಚರ್ ಎದೆಯಲ್ಲಿ ಏನೋ ಹಿಗ್ಗುತ್ತಿತ್ತು, ಮರುಕ್ಷಣ ತಮ್ಮ ಹುಡುಗಿಯರ ಮುಖ ನೋಡಿದರೆ ಕಳ್ಳತನ ಮಾಡಿ ಸಿಕ್ಕಿಬಿದ್ದಂತಾಗುತ್ತಿತ್ತು.

ವಿರಾಮದಲ್ಲಿ ಹುಡುಗಿಯರು ನೀರು ಕುಡಿಯುತ್ತ ಸುತ್ತ ನಿಂತರು. ಎಡಚಿ ಮಾತ್ರ ನೀರು ಮುಟ್ಟಲಿಲ್ಲ.

"ಟೀಚರ್, ಕೀಪರ್‌ನ ಓದಿ ಅಂತ ನೀವೇ ಹೇಳ್ಕೊಟ್ಟಿದ್ದೀರಿ. ನನಗೊಂದು ಕಾಣ್ತು. ಆ ಒಂದು ಗೋಲು ಹೋಯ್ತಲ್ಲ, ಅವಳ ಎಡಗಡೆ ಮೇಲೆ? ಅವಾಗ ಅವಳು ತಲೆ ತಿರುಗಿಸಿದ್ಲು. ಚೆಂಡು ನೋಡ್ಲೇ ಇಲ್ಲ."

ಕೀಪರ್ ಯಾರ ಮಗಳೆಂದು ಎಲ್ಲರಿಗೂ ಗೊತ್ತಿತ್ತು.

"ಅಲ್ಲಿಗೇ ಹೊಡೀಲಾ ಟೀಚರ್?"

ಟೀಚರ್ ನೆಲ ನೋಡಿದರು. ಇಲ್ಲ, ನಿನಗೆ ಹಾಗೆ ಅನ್ನಿಸಿರಬೇಕು ಎಂದುಬಿಡಬಹುದಿತ್ತು. ಹೇಳಿದ್ದರೆ ಎಡಚಿ ನಂಬುತ್ತಿದ್ದಳು. ತಾನು ಕಂಡದ್ದನ್ನೇ ಅನುಮಾನಿಸಲು ಕಲಿಯುತ್ತಿದ್ದಳು. ಎರಡೇ ದಿನದಲ್ಲಿ ಎರಡನೆಯ ಮಗುವಿಗೆ ಸುಳ್ಳು ಹೇಳುವ ಶಕ್ತಿ ಅವರಿಗಿರಲಿಲ್ಲ.

"ನಿನ್ನ ಕಣ್ಣು ಸರಿಯಾಗೇ ನೋಡಿದೆ," ಎಂದರು. "ಆದ್ರೆ ಮೇಲೆ ಹೊಡೀಬೇಡ. ಮೇಲೆ ತೋರ್ಸು. ಕೋಲು ಪೂರ್ತಿ ಎತ್ತು, ಭುಜ ಎತ್ತು, ಬೇಕಾದ್ರೆ ನಾಲಿಗೇನೂ ಹೊರಗೆ ಹಾಕು. ಅವಳು ತಲೆ ತಿರುಗಿಸ್ತಾಳೆ. ಆಗ ಕೆಳಗೆ, ಆಚೆ ಮೂಲೆಗೆ ಬಿಡು."

ಮೂರನೆಯ ಕಾಲುಭಾಗದಲ್ಲಿ ಎಡಚಿ ಹಾಗೆಯೇ ಮಾಡಿದಳು. ಕೋಲು ಮೇಲೆದ್ದಿತು, ಹೆಲ್ಮೆಟ್ಟು ಬಲಕ್ಕೆ ವಾಲಿತು, ಚೆಂಡು ಕಾಲ ಬಳಿ ನುಸುಳಿ ಒಳಗೆ. ಮೂರು ನಿಮಿಷದ ನಂತರ ಮತ್ತೊಮ್ಮೆ, ಅದೇ ರೀತಿ. ಎರಡನೆಯ ಗೋಲಿನ ಬಳಿಕ ಮಗಳು ಗೋಲಿನ ಬಲೆಯಿಂದ ಚೆಂಡು ತೆಗೆಯದೆ ನೆಟ್ಟಗೆ ಅಮ್ಮನ ಕಡೆ ನೋಡಿದಳು. ಟೀಚರ್ ಆ ನೋಟವನ್ನು ತಪ್ಪಿಸಲಿಲ್ಲ. ತಪ್ಪಿಸಬೇಕಿತ್ತೆಂದು ಆಮೇಲೆ ಬಹಳ ದಿನ ಅಂದುಕೊಂಡರು.

ಕೊನೆಯ ಕಾಲುಭಾಗ ಮುಗಿಯಲು ಒಂದು ನಿಮಿಷವಿದ್ದಾಗ ಎಂಟಕ್ಕೆ ಎಂಟು. ಚೆಂಡು ಟೀಚರ್ ತಂಡದ ಬಳಿ. ಅವರು ಆಟ ನಿಲ್ಲಿಸಿ ಹುಡುಗಿಯರನ್ನು ಕರೆದರು. ಎಡಚಿ ಏದುಸಿರು ಬಿಡುತ್ತ ಬಂದಳು.

"ಟೀಚರ್, ಈಗ ಅವಳು ಮೋಸ ಹೋಗ್ತಿಲ್ಲ. ನಾನು ಮೇಲೆತ್ತಿದ್ರೂ ಕೆಳಗೇ ಕೂರ್ತಾಳೆ. ಮೇಲಿನ ಮೂಲೆ ಪೂರ್ತಿ ಖಾಲಿ. ಈ ಸಲ ನಿಜವಾಗ್ಲೂ ಮೇಲೆ ಹೊಡೀಲಾ?"

ಬೇರೆ ಯಾವ ಕೀಪರ್ ಇದ್ದಿದ್ದರೂ ಉತ್ತರ ಒಂದೇ: ಹೊಡಿ. ಆದರೆ ಚೆಂಡು ಒಂದು ಗೇಣು ತಗ್ಗಿದರೂ ಕೆಳಗೆ ಕುಳಿತು ತಲೆ ತಿರುಗಿಸುವ ಮಗಳ ಕುತ್ತಿಗೆಗೇ ಬಡಿಯುತ್ತಿತ್ತು. ಅಂಪೈರ್ ಸೀಟಿ ಬಾಯಿಗಿಟ್ಟುಕೊಂಡ.

"ನಿನ್ನ ಕಣ್ಣಿಗೆ ಏನು ಕಾಣತ್ತೋ ಅದನ್ನ ಮಾಡು," ಎಂದರು. ತಮ್ಮ ಮೇಲಿನ ಭಾರವನ್ನು ಆ ಹುಡುಗಿಯ ತಲೆಗೆ ಹೊರಿಸಿದೆನೆಂದು ಹೇಳಿದ ಕ್ಷಣವೇ ಗೊತ್ತಾಯಿತು. ಅಷ್ಟರಲ್ಲಿ ಸೀಟಿ ಊದಿ ಆಗಿತ್ತು.

ಚೆಂಡು ಮೂರು ಕೋಲು ದಾಟಿ ಎಡಚಿಯ ಬಲೆಗೆ ಬಿತ್ತು. ಅವಳು ಒಬ್ಬಳನ್ನು ತಪ್ಪಿಸಿ ಒಳನುಗ್ಗಿ ಕೋಲು ಎತ್ತಿದಳು. ಈ ಸಲ ಇಳಿಸಲಿಲ್ಲ. ಮಗಳ ತಲೆ ತಿರುಗಿತು. ಆದರೆ ಕುಳಿತವಳು ಅದೇ ಹೊತ್ತಿಗೆ ಮೇಲಕ್ಕೆ ಚಿಮ್ಮಿದ್ದಳು. ಚೆಂಡು ಕುತ್ತಿಗೆಗೆ ಬದಲು ಎಡತೋಳಿಗೆ ಬಡಿಯಿತು. ಬಡಿದ ಸದ್ದು ಮೆಟ್ಟಿಲುಗಳವರೆಗೂ ಕೇಳಿಸಿ ಅತ್ತೆ ಎದ್ದು ನಿಂತರು. ಮಗಳು ಮಂಡಿಯೂರಿದಳು.

ಟೀಚರ್ ಪಾದಗಳು ಮೈದಾನದ ಅಂಚಿನ ಗೆರೆಯ ಮೇಲಿದ್ದವು. ಗೆರೆ ದಾಟಿದರೆ ನಿಯಮಭಂಗ. ಒಂದು ಹೆಜ್ಜೆ ದಾಟಿಯೇಬಿಟ್ಟರು.

ಮಗಳು ಅವರನ್ನು ನೋಡಲಿಲ್ಲ. ಕಾಲ ಬಳಿ ಉರುಳುತ್ತಿದ್ದ ಚೆಂಡನ್ನು ಕೋಲಿನ ಬಲೆಗೆ ಎತ್ತಿಕೊಂಡು, ಒಂದೇ ಕೈಯ ಬಲದಲ್ಲಿ ಮೈದಾನದ ಅರ್ಧಕ್ಕೆ ಎಸೆದಳು. ಅವಳ ತಂಡದವಳೊಬ್ಬಳು ಅಲ್ಲಿ ಒಂಟಿಯಾಗಿದ್ದಳು. ಅವಳು ಹಿಡಿದು ಓಡಿದಳು. ಗಡಿಯಾರದಲ್ಲಿ ಒಂಬತ್ತು ಸೆಕೆಂಡ್ ಉಳಿದಿರುವಾಗ ಟೀಚರ್ ತಂಡದ ಗೋಲಿನೊಳಗೆ ಚೆಂಡು ಸೇರಿತು. ಎಂಟಕ್ಕೆ ಒಂಬತ್ತು.

ಸಾಮಾನಿನ ಕೋಣೆಯಲ್ಲಿ ಮಗಳು ತೋಳಿಗೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಗೆದ್ದವಳ ಮುಖವಲ್ಲ. ಟೀಚರ್ ಬಾಗಿಲಲ್ಲೇ ನಿಂತರು.

"ತಪ್ಪಿಲ್ಲ ಅಂದ್ಯಲ್ಲ," ಎಂದಳು ಮಗಳು.

"ಅಂದೆ."

"ಆಮೇಲೆ ಅವಳಿಗೆ ಹೇಳ್ದೆ."

"ಇಲ್ಲ. ನೀನು ತಲೆ ತಿರುಗಿಸೋದನ್ನ ಅವಳೇ ಕಂಡುಹಿಡಿದ್ಲು. ಆದ್ರೆ ಹೇಗೆ ಬಳಸ್ಕೋಬೇಕು ಅಂತ ನಾನೇ ಹೇಳ್ದೆ. ಮೇಲೆ ತೋರ್ಸು, ಕೆಳಗೆ ಹೊಡಿ ಅಂತ."

ಮಗಳು ತಲೆ ಎತ್ತಿದಳು. "ಬೇರೆ ಕೀಪರ್ ಆಗಿದ್ರೆ?"

ಟೀಚರ್ ಕಣ್ಣು ಮಂಜುಗಡ್ಡೆಯ ಚೀಲದ ಮೇಲಿತ್ತು.

"ಬೇರೆಯವಳಾಗಿದ್ರೆ ಮೇಲೇ ಹೊಡಿ ಅಂತಿದ್ದೆ. ನನಗೆ ದಯೆ ತೋರ್ಸಿದೆ. ಅದೇ ನನಗೆ ಹೊಟ್ಟೆ ಉರಿಯೋದು ಅಮ್ಮ. ಐದು ವರ್ಷದಿಂದ ನೀನು ನನ್ನನ್ನ ಗಾಜಿನ ಲೋಟದ ಹಾಗೆ ಇಟ್ಟಿದ್ದೀಯ. ಜನ ಆಡ್ಕೋತಾರೆ ಅಂತ ಸೇರಿಸ್ಕೊಳ್ಲಿಲ್ಲ ಅಂದ್ಯಲ್ಲ, ಅದು ನಿಜಾನಾ?"

"ಅಲ್ಲ," ಎಂದರು ಟೀಚರ್. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು. "ದಿನಾ ಸಂಜೆ ನನ್ನ ಹುಡುಗೀರು ನಿನ್ನ ಕಡೆ ಎಸೆಯೋದನ್ನ ನೋಡ್ತಾ ನಿಲ್ಲೋಕೆ ನನ್ನಿಂದ ಆಗ್ತಿರ್ಲಿಲ್ಲ. ಅಷ್ಟೇ ನಿಜ."

ಮಂಜುಗಡ್ಡೆ ಕರಗಿ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ನನ್ನ ಮೂಳೆ ಕೂಡಿ ಐದು ವರ್ಷ ಆಯ್ತು," ಎಂದಳು ಕೊನೆಗೆ. "ನಿನ್ನದು ಇನ್ನೂ ಕೂಡಿಲ್ಲ." ಅಷ್ಟು ಹೇಳಿ ಎದ್ದು, ಅಮ್ಮನ ಪಕ್ಕದಿಂದಲೇ ಹೊರಗೆ ಹೋಗಿ ತನ್ನ ತಂಡದ ಬಸ್ಸು ಹತ್ತಿದಳು.

ಅವರಿಬ್ಬರೂ ಹದಿನೇಳು ದಿನ ಮಾತಾಡಲಿಲ್ಲ. ಅತ್ತೆ ಎಣಿಸಿದ್ದರು. ಹದಿನೆಂಟನೆಯ ದಿನ ಮನೆಗೆ ಬಂದವಳು ಎಡಚಿ, ಬೇಕರಿಯಿಂದ ಒಂದು ಪೊಟ್ಟಣ ಬಿಸ್ಕತ್ತು ಹಿಡಿದುಕೊಂಡು. ಕೀಪರ್‌ಗೆ ನೋವು ಮಾಡಿದ್ದಕ್ಕೆ ಕ್ಷಮೆ ಕೇಳಲು ಬಂದಿದ್ದಳು. ಮಗಳು ಬಿಸ್ಕತ್ತು ತೆಗೆದುಕೊಂಡಳು, ಕ್ಷಮೆ ಬೇಡವೆಂದಳು.

"ಭಾನುವಾರ ಮೈದಾನಕ್ಕೆ ಬರ್ತೀಯಾ? ಅದೇ ಮೂಲೆಗೆ ನೂರು ಹೊಡಿ. ನಾನು ತಲೆ ತಿರುಗಿಸೋದು ಬಿಡೋವರೆಗೂ ಹೊಡೀತಿರು."

ಎಡಚಿ ಟೀಚರ್ ಕಡೆ ನೋಡಿದಳು.

"ಅವಳನ್ನೇನು ನೋಡ್ತೀಯ?" ಎಂದರು ಅತ್ತೆ. "ಅವಳೂ ಬರ್ತಾಳೆ. ನಾನು ಕರ್ಕೊಂಡು ಬರ್ತೀನಿ."

ಮೊದಲ ಭಾನುವಾರ ಟೀಚರ್ ಗೋಲಿಗೆ ಬೆನ್ನು ಹಾಕಿ ನಿಂತಿದ್ದರು. ಪ್ರತಿ ಚೆಂಡಿನ ಸದ್ದಿಗೂ ಅವರ ಭುಜ ಅದುರುತ್ತಿತ್ತು. ಎರಡನೆಯ ಭಾನುವಾರ ಅರ್ಧ ತಿರುಗಿದರು. ಮೂರನೆಯದರಲ್ಲಿ ಗೋಲಿನ ಬಲೆಯ ಹಿಂದೆ ಬಂದು ನಿಂತು ನೋಡಿದರು. ನಲವತ್ತು ಚೆಂಡುಗಳಲ್ಲಿ ಮಗಳು ಇಪ್ಪತ್ತಾರಕ್ಕೆ ತಲೆ ತಿರುಗಿಸಿದಳು, ಹದಿನಾಲ್ಕಕ್ಕೆ ಇಲ್ಲ. ನಲವತ್ತೊಂದನೆಯದು ನಿಧಾನವಾಗಿ, ಪಾಪ ಎಂಬಂತೆ ಬಂತು. ಆಗ ತಡೆಯಲಾರದೆ ಕೂಗಿದರು:

"ಏ ಎಡಚಿ! ಅವಳಿಗೇನು ಊಟ ಬಡಿಸ್ತಿದ್ದೀಯಾ? ಗಟ್ಟಿಯಾಗಿ ಹೊಡಿ!"

ಮಗಳು ಹಿಂತಿರುಗಿ ನೋಡಲಿಲ್ಲ. ಮಂಡಿ ಬಗ್ಗಿಸಿ, ಕೋಲನ್ನು ಎಡಕ್ಕೆ ಸ್ವಲ್ಪ ಎತ್ತಿ ಹಿಡಿದು ಸಿದ್ಧಳಾದಳು.