ಗೊತ್ತಮ್ಮನ ಸರ್ವಿಸ್

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವಳ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಕೇಳಿದವರೇ ಇಲ್ಲ. ಅದಕ್ಕೇ ಜೊತೆಯವರು ಅವಳಿಗೆ ಗೊತ್ತಮ್ಮ ಎಂದು ಹೆಸರಿಟ್ಟಿದ್ದರು. ಅಮ್ಮ ಹೋದಮೇಲೆ ಅವಳನ್ನು ಸಾಕಿ ಬೆಳೆಸಿದ ಅಕ್ಕನೂ ಹಾಗೆಯೇ ಕರೆಯುತ್ತಿದ್ದಳು.

ಆಸ್ಪತ್ರೆಯ ಪ್ರತಿ ಯಂತ್ರಕ್ಕೂ ಒಂದೊಂದು ಹೆಸರು. ಹೆಸರು ಹೇಳಿದರೆ, ಕರೆ ಎಲ್ಲಿಗೆ ಹೋಗಬೇಕೆಂಬ ವಿಳಾಸ ಕೊಡುವುದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನ ಕೆಲಸ. ತನ್ನಲ್ಲಿಲ್ಲದಿದ್ದರೆ 'ಗೊತ್ತಿಲ್ಲ' ಎಂದು ಕೈಚೆಲ್ಲುತ್ತಿತ್ತು. ಗೊತ್ತಮ್ಮ ಅದನ್ನು ಸಹಿಸಬೇಕಲ್ಲ! ಅದರ ಬೆನ್ನಹಿಂದೆ ಸದ್ದಿಲ್ಲದೆ ಓಡುವ 'ಸರ್ವಿಸ್' ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು ಕೂರಿಸಿದಳು. ಸರ್ವರ್ ತಡವರಿಸಿದರೆ ಸಾಕು, ಇದು ಹಿಂದೆ ಕೊಟ್ಟ ವಿಳಾಸವನ್ನೇ ನೆನಪಿನಿಂದ ಹೆಕ್ಕಿ ಕೊಡುತ್ತಿತ್ತು. ದೂರುಗಳು ನಿಂತವು. ಗೊತ್ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಉಬ್ಬಸ ಜೋರಾಗಿ ಅಕ್ಕ ಅಲ್ಲೇ ದಾಖಲಾದಾಗ, ಹಾಸಿಗೆ ಪಕ್ಕದ ಗುಂಡಿ ತೋರಿಸಿ, "ಉಸಿರು ಕಟ್ಟಿದ್ರೆ ಇದನ್ನ ಒತ್ತು ಅಕ್ಕಾ, ನರ್ಸ್ ಓಡ್ಬರ್ತಾರೆ. ನಂದೇ ಏರ್ಪಾಡು" ಎಂದಳು.

"ಆಯ್ತು ತಾಯಿ, ನಿಂಗೆ ಗೊತ್ತಿಲ್ದೇ ಇರೋದು ಏನಿದೆ!" ಎಂದು ಅಕ್ಕ ನಕ್ಕಳು.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದರೆ ಏನು ನೋಡುವುದು! ಅಕ್ಕನ ತುಟಿ ನೀಲಿ. ಬೆರಳು ಗುಂಡಿಯ ಮೇಲೇ ಇದೆ. ಕರೆ ತಲುಪಿದೆ ಎಂಬ ಹಸಿರು ದೀಪವೂ ಉರಿಯುತ್ತಿದೆ. ಬಂದವರು ಮಾತ್ರ ಯಾರೂ ಇಲ್ಲ! ಗೊತ್ತಮ್ಮ ಬಾಗಿಲಿಗೆ ಓಡಿದಳು. "ಯಾರಾದ್ರೂ ಬನ್ರೀ!" ಎಂದು ಚೀರಿದಳು.

ನರ್ಸ್ ಓಡಿ ಬಂದು ಆಮ್ಲಜನಕದ ಮಾಸ್ಕ್ ಹಾಕಿದಳು. ಅಕ್ಕನ ಎದೆ ಮೆಲ್ಲಗೆ ಏರಿಳಿಯತೊಡಗಿತು.

"ನಮಗೆ ಕರೆನೇ ಬರ್ಲಿಲ್ಲ ಮೇಡಂ. ಬೆಳಿಗ್ಗೆ ತಾನೇ ನಮ್ಮ ನರ್ಸ್‌ಗಳ ಕೋಣೆ ಬದಲಾಯ್ಸಿದ್ವಿ. ಹಳೇ ವಿಳಾಸ ತೆಗೆದಿದ್ದಾರೆ, ಹೊಸದು ಹಾಕೋವರೆಗೂ ಹಜಾರದ ದೊಡ್ಡ ಗಂಟೆ ಹೊಡ್ಕೊಳ್ಳುತ್ತೆ ಅಂದಿದ್ರು."

ಗೊತ್ತಮ್ಮನ ಮುಖ ಬಿಳಿಚಿಕೊಂಡಿತು. ದೊಡ್ಡ ಗಂಟೆ ಹೊಡೆಯುವುದು ಸರ್ವರ್ 'ಗೊತ್ತಿಲ್ಲ' ಎಂದಾಗ ಮಾತ್ರ. ಹಳೆಯ ಕೋಣೆಗೆ ಓಡಿದಳು. ಬಾಗಿಲಿಗೆ ಬೀಗ. ಗಾಜಿನಾಚೆ, ಖಾಲಿ ಕುರ್ಚಿಯೆದುರು, ಇನ್ನೂ ಆರದ ಪರದೆಯ ಮೇಲೆ ಅಕ್ಕನ ಕರೆ ಮಿನುಗುತ್ತಿತ್ತು. ಅಯ್ಯೋ ದೇವರೇ! ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಅಳಿಸಿದ ವಿಳಾಸವನ್ನು ಎತ್ತಿ ಕೊಟ್ಟದ್ದು ತನ್ನ ಸರ್ವಿಸ್.

ಅದನ್ನು ನಿಲ್ಲಿಸಿ ವಾರ್ಡಿಗೆ ಮರಳಿದಾಗ ಅಕ್ಕ ಮಾಸ್ಕ್ ಸರಿಸಿ ನರ್ಸ್‌ಗೆ ಹೇಳುತ್ತಿದ್ದಳು: "ಗುಂಡಿ ಒತ್ತಿದೆ, ಇವಳೇ ಓಡಿ ಬಂದ್ಲು. ಎಂಥಾ ಏರ್ಪಾಡು ಮಾಡಿದಾಳೆ ನೋಡಿ ನಮ್ಮ ಹುಡುಗಿ! ಹೇಗೆ ಗೊತ್ತಾಯ್ತೇ ನಿಂಗೆ?"

"ಗೊತ್ತಾಗ್ಲಿಲ್ಲ ಅಕ್ಕಾ," ಗೊತ್ತಮ್ಮ ಗೊಳೋ ಎಂದು ಅತ್ತಳು. "ನಂಗೆ ಗೊತ್ತೇ ಆಗ್ಲಿಲ್ಲ. ಊಟ ಕೊಡೋಕೆ ಬಂದಿದ್ದೆ, ಅಷ್ಟೇ."