ಓಡುವ ಎಣ್ಣೆಯ ಅಳತೆ

ಬೆಳಿಗ್ಗೆ ಸ್ನಾನವಾದ ಮೇಲೂ ಬೆರಳಿನ ಸಂದಿಯಲ್ಲಿ ಒಂದು ವಾಸನೆ ಉಳಿದಿತ್ತು. ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಕೆಂಪು ಎಣ್ಣೆಯ ವಾಸನೆ. ನೀವು ಮೂಸಿರಲಿಕ್ಕಿಲ್ಲ, ಮೂಸಲೇಬೇಕು ಅಂತ ಒತ್ತಾಯವೂ ಇಲ್ಲ. ಅರ್ಧ ಸೀದ ಒಗ್ಗರಣೆ, ಅರ್ಧ ಹೊಸ ಚಪ್ಪಲಿ ಅಂತ ಇಟ್ಟುಕೊಳ್ಳಿ. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ಕಣ್ಣ ಮುಂದೆ ಗಿರಿಜತ್ತೆ ಬಂದು ನಿಲ್ಲುತ್ತಾಳೆ.

ನಿಲ್ಲುತ್ತಾಳೆ ಅಂದೆ, ತಪ್ಪಾಯಿತು. ಅವಳು ನಿಂತಿದ್ದನ್ನು ನಾನು ನೋಡಿದ್ದು ಕಮ್ಮಿ. ಗಿರಿಜತ್ತೆ ಅಪ್ಪನ ತಂಗಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೋತಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ಇಟ್ಟಿದ್ದ ಮಾವನನ್ನು ಮದುವೆಯಾಗಿ ಬಂದ ಮೇಲೂ, ಎಲ್ಲಿಗೆ ಹೋಗಬೇಕಾದರೂ ಯಾರಾದರೂ ರಟ್ಟೆ ಹಿಡಿದು ಹತ್ತಿಸಬೇಕು, ಇಳಿಸಬೇಕು. ಹಾಗಿರುವಾಗ ಮಾವ, ವರ್ಗವಾಗಿ ಹೋಗುತ್ತಿದ್ದ ಯಾರೋ ಆಫೀಸರಿಂದ ಒಂದು ಹಳೇ ಫಾರಿನ್ ಕಾರು ಕೊಂಡರು. ಅದಕ್ಕೆ ಕ್ಲಚ್ ಪೆಡಲೇ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ! ಎಡಗಾಲಿಗೆ ಕೆಲಸವೇ ಇಲ್ಲದ ಕಾರು. ಅತ್ತೆ ಉಳ್ಳಾರ್ತಿ ಕಾವಲಿನ ಬಯಲಲ್ಲಿ ಕೃಷ್ಣಮೃಗಗಳನ್ನು ಹೆದರಿಸುತ್ತ ಡ್ರೈವಿಂಗ್ ಕಲಿತಳು. ಕಲಿತವಳು ಸುಮ್ಮನೆ ಕೂರಲಿಲ್ಲ. ವಾರಕ್ಕೊಮ್ಮೆ ಮೊಳಕಾಲ್ಮೂರಿಗೆ ಹೋಗಿ, ಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ಆರಿಸಿ, ಹಿಂದಿನ ಸೀಟಿನ ತುಂಬ ಮಲಗಿಸಿಕೊಂಡು ಬಂದು ಊರಲ್ಲಿ ಮಾರತೊಡಗಿದಳು. ಮಿಲ್ಲಿನ ಯಜಮಾನರ ಹೆಂಡತಿ ಅನ್ನುತ್ತಿದ್ದ ಜನ ಸೀರೆ ಗಿರಿಜಮ್ಮ ಅನ್ನತೊಡಗಿದರು.

ನಾನಾಗ ಪಿಯುಸಿ ಮುಗಿಸಿ, ಮನೆಯ ಮಿಕ್ಸಿ ಬಿಚ್ಚಿ, ಮತ್ತೆ ಕೂಡಿಸಲಾಗದೆ ಬೈಸಿಕೊಂಡು, ಅತ್ತೆ ಮನೆ ಸೇರಿದ್ದೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೇ ಕಾರು ಪತ್ರಿಕೆಗಳೇ ನನ್ನ ಕಾಲೇಜು. ಅರ್ಥವಾಗದ ಪದಗಳನ್ನು ಗಟ್ಟಿಯಾಗಿ ಹೇಳಿದರೆ ಅರ್ಥವಾದ ಹಾಗೆಯೇ ಕೇಳಿಸುತ್ತದೆ ಅನ್ನುವುದು ನಾನಾಗ ಕಂಡುಕೊಂಡಿದ್ದ ದೊಡ್ಡ ಸತ್ಯ.

ಆ ಬೇಸಿಗೆಯಲ್ಲಿ ಕಾರು ಕೈಕೊಡತೊಡಗಿತು. ಚಳ್ಳಕೆರೆಯಿಂದ ತಳಕಿನವರೆಗೆ ಸರಿಯಾಗಿಯೇ ಹೋಗುತ್ತದೆ. ಹಾನಗಲ್ ದಾಟಿ ಏರು ಸಿಕ್ಕಿತೋ, ಇಂಜಿನ್ ಹುಲಿಯ ಹಾಗೆ ಗರ್ಜಿಸುತ್ತದೆ, ಚಕ್ರ ಮಾತ್ರ ಎಮ್ಮೆಯ ಹಾಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಊರಿನ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ ತೀರ್ಪು ಕೊಟ್ಟ. "ಗೇರ್‌ಬಾಕ್ಸು ಹೋಗೈತೆ ಸಾವ್ಕಾರ್ರೇ. ಹ್ಯಾಂಡ್ ಗೇರ್ ಕೂರಿಸ್ಬಿಡಾಣ."

ನಾನು ಬಿಡುತ್ತೇನೆಯೇ? "ಒಳಗೆ ಕ್ಲಚ್ ಪ್ಲೇಟು ಸವೆದಿವೆ ಮಾವ, ಪೂರ್ತಿ ಇಳಿಸಿ ಬಿಚ್ಬೇಕು" ಅಂದೆ.

"ಮಿಕ್ಸಿ ಬಿಚ್ಚಿದಂಗಾ?" ಅಂದರು ಮಾವ.

"ಎಣ್ಣೆ ನೋಡಿದ್ರಾ?" ನಾನು ಮಾತು ತಿರುಗಿಸಿದೆ.

"ಲೇ, ಎಣ್ಣೆ ನೋಡೋದು ನಂಗೆ ಹೇಳ್ಕೊಡ್ತೀಯೇನ್ಲೇ?"

ಇಲ್ಲಿ ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಮಿಲ್ಲಿನಲ್ಲಿ ಆಗಷ್ಟೇ ಇಳಿದ ಎಣ್ಣೆಯನ್ನು ಅವರು ಎಂದೂ ಅಳೆದು ಕೊಟ್ಟವರಲ್ಲ. ನೊರೆ ಇಳಿಯಬೇಕು, ಮಡ್ಡಿ ತಳ ಸೇರಬೇಕು, ಎಣ್ಣೆ ತಣ್ಣಗಾಗಿ ಕನ್ನಡಿಯಂತೆ ನಿಲ್ಲಬೇಕು, ಆಮೇಲೆಯೇ ಅಳತೆ. "ಕುದಿಯೋ ಎಣ್ಣೆ ಅಳೆಯೋನು ಕಳ್ಳ" ಅನ್ನುವುದು ಅವರ ಮಾತು. ಕಾರಿನ ಗೇರ್‌ಬಾಕ್ಸಿಗೂ ಅದೇ ಧರ್ಮ. ರಾತ್ರಿಯೆಲ್ಲ ಕಾರು ನಿಲ್ಲಿಸಿ, ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ಅಳತೆ ಕಡ್ಡಿ ಎಳೆದು ನೋಡುತ್ತಿದ್ದರು. ಎಣ್ಣೆ ಗೆರೆಯವರೆಗೆ ತುಂಬಿ ನಗುತ್ತಿತ್ತು. ಪಕ್ಕದಲ್ಲಿ ನಿಂತು ನಾನೂ ತಲೆಯಾಡಿಸುತ್ತಿದ್ದೆ.

ಕೊನೆಗೆ ಮಾವ ಕಾರಿಗೊಬ್ಬ ಗಿರಾಕಿ ಗೊತ್ತು ಮಾಡಿದರು. ಅದನ್ನು ಮಾರಿ ಮಾಮೂಲಿ ಗೇರಿನ ಕಾರು ತರುವುದು, ಡ್ರೈವರ್ ಇಡುವುದು. ಪ್ರೀತಿಯಿಂದಲೇ ಹೇಳಿದರು. "ನೀನು ರಾಣಿ ಥರ ಹಿಂದೆ ಕೂತ್ಕಾ."

ಅತ್ತೆ ಸೀರೆ ಮಡಚುತ್ತಲೇ ಇದ್ದಳು. ಮಾವ ಅತ್ತ ಹೋದ ಮೇಲೆ ನನಗೆ ಹೇಳಿದಳು: "ರಾಣಿ ಅಲ್ಲ ಕಣೋ, ಸಾಮಾನು. ಮತ್ತೆ ಯಾರೋ ಹತ್ತಿಸ್ಬೇಕು, ಯಾರೋ ಇಳಿಸ್ಬೇಕು. ಡ್ರೈವರ್‌ಗೆ ಜ್ವರ ಬಂದ್ರೆ ನಂಗೂ ರಜ."

ಗಿರಾಕಿ ಬರುವ ಮೊದಲು ಕೊನೆಯದೊಂದು ಸಲ ಮೊಳಕಾಲ್ಮೂರಿಗೆ ಹೊರಟೆವು. ಹಾನಗಲ್ ದಾಟಿದ್ದೇ ತಡ, ಅದೇ ಏರು, ಅದೇ ಗರ್ಜನೆ. ಕಾರು ರಸ್ತೆ ಬದಿಗೆ ಸರಿದು ನಿಂತಿತು. ನಾನು ಇಳಿದು ಬಾನೆಟ್ ಎತ್ತಿ, "ಆಫ್ ಮಾಡು ಅತ್ತೆ, ಎಣ್ಣೆ ನೋಡ್ತೀನಿ" ಅಂದೆ.

"ಆಫ್ ಮಾಡಲ್ಲಪ್ಪಾ! ಬ್ಯಾಟರಿ ಮುನಿಸ್ಕಂಡೈತೆ. ನಿಂತ್ರೆ ಇಲ್ಲೇ ಗುಡ್ಲು ಹಾಕ್ಬೇಕಾಗ್ತೈತೆ. ಹಂಗೇ ನೋಡು."

ಓಡುತ್ತಿರುವ ಇಂಜಿನ್ನಿನಲ್ಲಿ ಎಣ್ಣೆ ನೋಡುವುದೇ! ಮಾವನ ಪ್ರಕಾರ ಮಹಾಪಾಪ. ಕಡ್ಡಿ ಎಳೆದೆ. ಒಣ ಕಡ್ಡಿ. ತುದಿಯಲ್ಲಷ್ಟೇ ಒಂಚೂರು ಗುಲಾಬಿ ನೊರೆ. ಒರೆಸಿ ಮತ್ತೆ ನೋಡಿದೆ. ಅಷ್ಟೇ. ಅತ್ತೆಯನ್ನು ಬೇಡಿಕೊಂಡು ಇಂಜಿನ್ ಆಫ್ ಮಾಡಿಸಿ, ಕಾದು ಮತ್ತೆ ಎಳೆದರೆ ಎಣ್ಣೆ ಗೆರೆಗೆ ಬಂದು ನಿಂತಿದೆ!

ಆಗ ಪತ್ರಿಕೆಯ ಒಂದು ಸಾಲು ನೆನಪಾಯಿತು. ಇಂಜಿನ್ ಓಡುತ್ತಿರುವಾಗಲೇ, ಬಿಸಿಯಲ್ಲೇ ನೋಡಬೇಕು ಅಂತ ಬರೆದಿತ್ತು. ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಓಡುವಾಗ ಈ ಎಣ್ಣೆ ಮೇಲೇರಿ ಗೇರ್‌ಬಾಕ್ಸಿನ ಹೊಟ್ಟೆಯೆಲ್ಲ ತುಂಬಿಕೊಳ್ಳುತ್ತದೆ. ನಿಂತಾಗ ಎಲ್ಲ ಕೆಳಗಿಳಿದು, ಇಲ್ಲದ ಎಣ್ಣೆಯೂ ಇದ್ದಂತೆ ಕಾಣುತ್ತದೆ. ಏರಿನಲ್ಲಿ ಇರುವಷ್ಟೂ ಹಿಂದಕ್ಕೆ ಸರಿದು ಪಂಪು ಬರೀ ಗಾಳಿ ಕುಡಿಯುತ್ತಿತ್ತು. ಬಗ್ಗಿ ನೋಡಿದರೆ ರೇಡಿಯೇಟರಿಗೆ ಹೋಗುವ ಪೈಪಿನ ಕ್ಲಿಪ್ಪು ಸಡಿಲ. ಧೂಳು ಮೆತ್ತಿದ ಕೆಂಪು ಜಿನುಗು. ಕ್ಲಿಪ್ಪು ಬಿಗಿ ಮಾಡಿದೆ. ಪುಣ್ಯಕ್ಕೆ ಬ್ಯಾಟರಿ ಮುನಿಸು ಬಿಟ್ಟು ಇಂಜಿನ್ ಹತ್ತಿತು; ಮೊಳಕಾಲ್ಮೂರಿನ ಆಸೆ ಬಿಟ್ಟು, ಮೆಲ್ಲಗೆ ಮನೆಗೆ ತಿರುಗಿದೆವು.

ಮಾವ ಒಪ್ಪಲೇ ಇಲ್ಲ. "ಓಡೋ ಎಣ್ಣೇನ ಯಾವನಾದ್ರೂ ಅಳೀತಾನೇನ್ಲೇ?"

ಅತ್ತೆ ಸ್ಟೇರಿಂಗ್ ಬಿಟ್ಟು ಇಳಿದಿರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. "ರೀ, ಮಿಲ್ಲಲ್ಲಿ ಎಣ್ಣೆ ಮಾರೋಕೈತೆ. ಇಲ್ಲಿ ದುಡಿಯೋಕೈತೆ. ದುಡಿಯೋನು ಎಷ್ಟು ಗಟ್ಟಿ ಅಂತ ಮಲಗಿದ್ದಾಗ ನೋಡ್ತಾರಾ? ಬಂದು ನೋಡ್ರಿ ಒಂದ್ಸಲ."

ಮಾವ ಪಂಚೆ ಎತ್ತಿ ಕಟ್ಟಿ ಬಂದರು. ಕಡ್ಡಿ ಎಳೆದರು. ತುದಿಯನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು, ಬಿಸಿಲಿಗೆ ಹಿಡಿದರು. ಅತ್ತೆ ಕಿಟಕಿಯಿಂದ ಕತ್ತು ಹೊರಹಾಕಿ ಅವರ ಮುಖವನ್ನೇ ನೋಡುತ್ತಿದ್ದಳು.

"ನೊರೆ ಐತೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೇಳಿದ್ದು ಸರಿ ಅಂತಲ್ಲ. ಎಣ್ಣೆ ಕಮ್ಮಿ ಐತೆ, ಅಷ್ಟೆ."

ದುರ್ಗದಿಂದ ಕೆಂಪು ಎಣ್ಣೆ ತರಿಸಿದವರೂ ಅವರೇ. ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿಗೆ ನಾನು ಸ್ವಲ್ಪಸ್ವಲ್ಪ ಹಾಕಿದೆ. ಪ್ರತಿ ಸಲ ಕಡ್ಡಿ ಎಳೆದು ನೋಡಿದವರು ಅವರು. ಗಿರಾಕಿ ಬಂದಾಗ ಟೀ ಕೊಡಿಸಿ, "ನಮ್ಮನೇರು ಕೊಡಲ್ಲ ಅಂತಾರ್ರೀ, ಏನ್ ಮಾಡಾದು" ಅಂತ ಅತ್ತೆಯ ಮೇಲೆ ಹಾಕಿ ಸಾಗಹಾಕಿದರು.

ಮುಂದಿನ ವಾರ ಆ ಏರನ್ನು ಕಾರು ಹತ್ತಿತು. ಎರಡನೇ ಗೇರಿಗೆ ಬೀಳುವಾಗ ಒಂದು ಜರ್ಕು ಉಳಿಯಿತು ನಿಜ. ವಯಸ್ಸಾದವರು ಏಳುವಾಗ ಉಶ್ಶಪ್ಪಾ ಅನ್ನುವುದಿಲ್ಲವೇ, ಹಾಗೆ. ಮೊಳಕಾಲ್ಮೂರಿನ ನೇಕಾರಮ್ಮ ಬಾಗಿಲಿಗೇ ಬಂದು, "ಅಕ್ಕಾ, ಬಂಡಿ ಬಾಗುಂದಾ?" ಅಂತ ತೆಲುಗಿನಲ್ಲಿ ಕಾರಿನ ಕ್ಷೇಮ ವಿಚಾರಿಸಿಕೊಂಡಳು. "ಬಂಡಿ ಬಾಗುಂದಿ, ಸೀರೆ ತೋರ್ಸು" ಅಂದಳು ಅತ್ತೆ.

ಈ ಮಾತಿಗೆ ಕೆಲವು ವರ್ಷಗಳಾದವು. ನಿನ್ನೆ ಅದೇ ಕಾರಿಗೆ ಎಣ್ಣೆ ಬದಲಿಸಿದ್ದೆ. ಇಷ್ಟು ದಿನ ಅದರ ಹೊಟ್ಟೆಯೊಳಗೆ ಕೈ ಹಾಕಿದ್ದೇನೆಯೇ ಹೊರತು ಸ್ಟೇರಿಂಗ್ ಮುಟ್ಟಿರಲಿಲ್ಲ. ಅತ್ತೆ ಯಾರಿಗೂ ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಏನನ್ನಿಸಿತೋ, ಪಕ್ಕದ ಸೀಟಿಗೆ ಸರಿದು, "ಓಡ್ಸು" ಅಂದಳು.

ಹೊರಟು ಹತ್ತು ಮಾರು ಹೋಗಿರಲಿಲ್ಲ, ಎದುರಿಗೆ ಕುರಿಮಂದೆ ಅಡ್ಡ ಬಂತು. ಮಾಮೂಲಿ ಗೇರಿನ ಕಾರು ಓಡಿಸಿ ಪಳಗಿದ ನನ್ನ ಎಡಗಾಲು ಅಭ್ಯಾಸಬಲದಿಂದ ಇಲ್ಲದ ಕ್ಲಚ್ಚು ಹುಡುಕಿ ಬ್ರೇಕನ್ನೇ ತುಳಿಯಿತು. ಇಬ್ಬರ ಹಣೆಯೂ ಗಾಜಿಗೆ ಹೋಗಿ ಬರುವುದೊಂದು ಬಾಕಿ.

ಅತ್ತೆ ಹೊಟ್ಟೆ ಹಿಡಿದು ನಕ್ಕಳು. ನಗು ತಹಬಂದಿಗೆ ಬಂದ ಮೇಲೆ ಅಂದಳು: "ಆ ಎಡಗಾಲನ್ನ ಸುಮ್ನೆ ಕೂರ್ಸೋ. ನಾನು ಚಿಕ್ಕಂದಿನಿಂದ ಕೂರ್ಸಿದೀನಿ, ನಿಂಗೆ ಮೊಳಕಾಲ್ಮೂರು ತನಕ ಆಗಲ್ವಾ?"

ಎಡಗಾಲನ್ನು ಸೀಟಿನ ಕೆಳಗೆ ಮಡಚಿಕೊಂಡು ಹೊರಟೆ.