ಎರಡು ಕಾಗದ ಕೇಳಿದ ಪಾಸ್ಟರು

ಪಾಸ್ಟರ್ ಜಯಶೀಲರು ಸಿಟ್ಟು ಬಂದಾಗ ಕುರ್ಚಿ ಜೋಡಿಸುತ್ತಿದ್ದರು. ಧ್ವನಿ ಏರುತ್ತಿರಲಿಲ್ಲ, ಮುಖ ಕೆಂಪಾಗುತ್ತಿರಲಿಲ್ಲ. ಚರ್ಚ್ ಹಾಲಿನ ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳನ್ನು ಒಂದೊಂದಾಗಿ ತಂದು, ಬಿಡಿಸಿ, ಸಾಲು ಹಿಡಿದು, ಗಾರೆ ಕೆಲಸದವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ ಮತ್ತೆ ಸರಿಸುತ್ತಿದ್ದರು. ಸಾಲು ಎಷ್ಟು ನೇರವೋ ಸಿಟ್ಟು ಅಷ್ಟು. ಶನಿವಾರ ಬೆಳಿಗ್ಗೆ ಕನ್ನಡ ಕ್ಲಾಸಿಗೆಂದು ನಾನು ಹಾಲಿನ ಬಾಗಿಲು ತೆಗೆದಾಗ ಕುರ್ಚಿಗಳು ದಾರ ಹಿಡಿದಂತೆ ನಿಂತಿದ್ದರೆ, ಓಹೋ, ನಿನ್ನೆ ಚರ್ಚ್ ಕಮಿಟಿಯ ಮೀಟಿಂಗು ಆಗಿದೆ ಎಂದುಕೊಳ್ಳುತ್ತಿದ್ದೆ.

ಅಮೆರಿಕದ ವಾಲ್ನಟ್ ಕ್ರೀಕ್ ಎಂಬ ಊರಿನ ಆ ಚರ್ಚಿನ ಹಾಲು ನಮಗೆ ಸಿಕ್ಕಿದ್ದು ಅವರಿಂದಲೇ. ಮಕ್ಕಳಿಗೆ ಅಕ್ಷರ ಕಲಿಸಲು ಜಾಗ ಬೇಕಿತ್ತು. ನಾನು ಇದ್ದಬದ್ದ ಇಂಗ್ಲಿಷನ್ನೆಲ್ಲ ಸುರಿದು ಒಂದು ಈಮೇಲು ಬರೆದೆ. ಹೋಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದವರು ಉಡುಪಿಯವರು. "ಕನ್ನಡ ಕ್ಲಾಸಾ? ಮೊದಲೇ ಹೇಳುದಲ್ವಾ ಮಾರಾಯ್ರೆ! ನಿಮ್ಮ ಈಮೇಲು ಓದಿ ಯಾರೋ ಲಾಯರ್ ಬರ್ತಾರೆ ಅಂತ ಶರ್ಟಿಗೆ ಇಸ್ತ್ರಿ ಹಾಕಿದೆ" ಎಂದರು. ತಲೆ ನರೆತ ಅಮೆರಿಕನ್ನರೇ ತುಂಬಿದ್ದ ಆ ಸಣ್ಣ ಸಭೆಗೆ ಅವರು ಊರಿಂದ ಬಂದು ಪಾಸ್ಟರಾಗಿದ್ದರು. ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ವೀಸಾ ಇದ್ದದ್ದು ಚರ್ಚಿನ ಕೆಲಸದ ಮೇಲೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೂ ಚರ್ಚೇ. ನಾನು ಹಾಸನದವಳು, ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಅದು ಅವರಿಗೆ ಗೊತ್ತಿತ್ತು, ಒಮ್ಮೆಯೂ ನನ್ನನ್ನು ಸರಿಮಾಡಲು ಬರಲಿಲ್ಲ. "ನಿಮ್ಮನ್ನು ದೇವರೇ ನೋಡಿಕೊಳ್ಳಲಿ, ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದರು.

ಚರ್ಚಿನ ಎದುರು ಮನೆಯಲ್ಲಿ ಮಿರಿಯಮ್ ಎಂಬ ಯೆಹೂದಿ ಹೆಂಗಸು ಒಬ್ಬರೇ ಇದ್ದರು. ಎಂಬತ್ತು ದಾಟಿದವರು, ರಿಟೈರಾದ ಸ್ಕೂಲ್ ಟೀಚರು. ಪಾಸ್ಟರು ಬಂದ ವರ್ಷ ಕ್ರಿಸ್‌ಮಸ್ಸಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ, ಅಚ್ಚಪ್ಪ ತುಂಬಿ ಅವರ ಮನೆಗೆ ಕೊಟ್ಟರಂತೆ. ಆಕೆ ಡಬ್ಬಿಯನ್ನು ಚೊಕ್ಕಟವಾಗಿ ತೊಳೆದು ವಾಪಸ್ಸು ತಂದರು. ನಮ್ಮ ಪಾಸ್ಟರು ಸುಮ್ಮನೆ ತೆಗೆದುಕೊಳ್ಳಬೇಕೋ ಬೇಡವೋ? "ನಮ್ಮಲ್ಲಿ ಖಾಲಿ ಡಬ್ಬಿ ವಾಪಸ್ ಕೊಡ್ಲಿಕ್ಕಿಲ್ಲ, ಒಂದು ಚಿಟಿಕೆ ಸಕ್ಕರೆ ಆದ್ರೂ ಹಾಕ್ಬೇಕು" ಎಂದು ಬಾಗಿಲಲ್ಲೇ ಪಾಠ ಮಾಡಿದರು. ಆಕೆ ಡಬ್ಬಿ ಹಿಡಿದು ಮನೆಗೆ ಹೋಗಿ, ತನ್ನ ಗಿಡದ ನಿಂಬೆಹಣ್ಣು ತುಂಬಿಕೊಂಡು ಬಂದರು. ಅಲ್ಲಿಂದ ಆ ಡಬ್ಬಿ ರಸ್ತೆಯ ಆಚೆಯಿಂದೀಚೆ ಓಡಾಡಿದ್ದೇ ಓಡಾಡಿದ್ದು. ಅವರ ಪಸ್ಕ ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು ಪಾಸ್ಟರು "ಉಪ್ಪಿಲ್ಲದ ಹಪ್ಪಳ" ಎಂದು ಕರೆದು ನನಗೂ ಒಂದು ಚೂರು ಕೊಡುತ್ತಿದ್ದರು.

ಆ ಅಕ್ಟೋಬರಿನ ದಾಳಿಯಲ್ಲಿ ಇಸ್ರೇಲಿನಲ್ಲಿದ್ದ ಮಿರಿಯಮ್ಮರ ನೆಂಟರ ಹುಡುಗನೊಬ್ಬ ಸತ್ತ. ಪಾಸ್ಟರು ಭಾನುವಾರದ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿದರು. ಸೋಮವಾರ ಮಿರಿಯಮ್ ಬಂದು, ನೀನು ಅವನ ಹೆಸರನ್ನು ತಪ್ಪಾಗಿ ಹೇಳಿದೆಯಂತೆ ಎಂದರು. ಮೇಜಿನ ಎದುರು ಕೂರಿಸಿಕೊಂಡು, ನಾಲಿಗೆ ಸರಿಯಾಗಿ ಹೊರಳುವ ತನಕ ಹೇಳಿಸಿದರು. ಸತ್ತ ಹುಡುಗನ ಹೆಸರು ಹೇಳುವುದಾದರೆ ಸರಿಯಾಗಿ ಹೇಳು, ಇಲ್ಲದಿದ್ದರೆ ಹೇಳಬೇಡ ಎಂದರಂತೆ. "ಟೀಚರ್ ಅಲ್ವಾ" ಎಂದು ಪಾಸ್ಟರು ನನಗೆ ಹೇಳುವಾಗ ನಗುತ್ತಿರಲಿಲ್ಲ.

ಆಮೇಲೆ ಗಾಜಾದ ಮೇಲೆ ಬಾಂಬು ಬೀಳಲು ಶುರುವಾಯಿತು. ಪಾಸ್ಟರು ಆ ದಾಳಿಯಲ್ಲಿ ಇಸ್ರೇಲಿನಿಂದ ಹಿಡಿದೊಯ್ದ ಸೆರೆಯಾಳುಗಳ ಹೆಸರಿನ ಜೊತೆಗೆ ಗಾಜಾದಲ್ಲಿ ಸತ್ತ ಮಕ್ಕಳ ಹೆಸರನ್ನೂ ಓದತೊಡಗಿದರು. ಪ್ರತಿ ಶುಕ್ರವಾರ ಪ್ಯಾಲೆಸ್ಟೀನಿನವರೊಬ್ಬರ ದಿನಸಿ ಅಂಗಡಿಗೆ ಹೋಗಿ, ಆಲಿವ್ ಪೀಪಾಯಿಗಳ ಪಕ್ಕ ನಿಂತು, ಆ ವಾರದ ಹೆಸರುಗಳನ್ನು ಅಂಗಡಿಯವರ ಬಾಯಿಂದ ಕಲಿಯುತ್ತಿದ್ದರು. ಗಂಟಲಿನಿಂದ ಬರಬೇಕಾದ ಅಕ್ಷರಗಳು ತುಳು ಮಾತಾಡಿ ಬೆಳೆದ ಗಂಟಲಿಗೆ ಬರುತ್ತಿರಲಿಲ್ಲ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಕುರ್ಚಿ ಎತ್ತುವಾಗ ಹೇಳಿಕೊಳ್ಳುತ್ತಲೇ ಇರುತ್ತಿದ್ದರು. ನಮ್ಮ ಕ್ಲಾಸಿನ ಮಕ್ಕಳು ಕಾಗುಣಿತ ಹೇಳುವ ರಾಗವೂ ಅವರ ರಾಗವೂ ಒಂದೇ ತರ ಕೇಳಿಸುತ್ತಿತ್ತು.

ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಫೋನಿನಲ್ಲಿ ಬಿಳಿ ಬಟ್ಟೆ ಸುತ್ತಿದ ಪುಟ್ಟ ಪುಟ್ಟ ಗಂಟುಗಳು ಬರುತ್ತಿದ್ದವು. ಬೆರಳಿನಿಂದ ಸರಿಸಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಇದನ್ನು ಒಮ್ಮೆ ಅವರಿಗೆ ಹೇಳಿದೆ. ಉಪದೇಶ ಮಾಡುತ್ತಾರೆ ಅಂದುಕೊಂಡಿದ್ದೆ.

"ನನಗೂ ಎಂತದೂ ಆಗುದಿಲ್ಲ" ಎಂದರು. "ಮೊದಮೊದಲು ಓದುವಾಗ ನಡುವೆ ನಿಲ್ಲಿಸ್ಬೇಕಾಗ್ತಿತ್ತು. ಈಗ ಇಲ್ಲ. ಅಂಗಡಿ ಚೀಟಿ ಓದಿದ ಹಾಗೆ ಓದ್ತೇನೆ. ಅದಕ್ಕೇ ಬಿಡ್ಲಿಕ್ಕೆ ಹೆದರಿಕೆ. ಇದೂ ನಿಂತ್ರೆ ನನ್ನಲ್ಲಿ ಮತ್ತೆಂತ ಉಂಟು ಹೇಳಿ?"

ಚರ್ಚಿನ ಹುಲ್ಲಿನ ಮೇಲೆ ಗಾಜಾದ ಮಕ್ಕಳಿಗಾಗಿ ಒಂದು ಬೋರ್ಡು ಎದ್ದಿತು. ಪಾಸ್ಟರು ವಾಲ್ನಟ್ ಕ್ರೀಕಿನ ಸಿಟಿ ಕೌನ್ಸಿಲಿಗೆ ಹೋಗಿ ಕದನ ನಿಲ್ಲಲಿ ಎಂದು ಮಾತಾಡಿದರು. ಮನೆ ಕಳಕೊಂಡವನಿಗೆ ಮನೆ ಕೊಡಿ ಎನ್ನುವುದು ರಾಜಕೀಯವಾದರೆ ಬೈಬಲ್ಲೆಲ್ಲ ರಾಜಕೀಯವೇ ಎಂಬುದು ಅವರ ವಾದ. ಕೆಲವರು ಚರ್ಚು ಬಿಟ್ಟರು. ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲೂ ಗುಸುಗುಸು ಎದ್ದಿತು. ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ತಂದೆ ಫೋನ್ ಮಾಡಿ, "ಮೇಡಂ, ಆಫೀಸಲ್ಲಿ ಯಾರಾದ್ರೂ ನೋಡಿದ್ರೆ ಸುಮ್ನೆ ಪ್ರಾಬ್ಲಮ್ಮು, ಬೇರೆ ಹಾಲು ನೋಡೋಣ" ಎಂದರು. ನೋಡಿ ಹೇಳಿ ಎಂದೆ. ಬೇರೆ ಕಡೆಯ ಬಾಡಿಗೆ ವಿಚಾರಿಸಿದ ಮೇಲೆ ಅವರ ಪ್ರಾಬ್ಲಮ್ಮು ತಾನಾಗಿಯೇ ಕರಗಿತು.

ಇಷ್ಟರವರೆಗೆ ಎಲ್ಲ ತಡೆದುಕೊಳ್ಳಬಹುದಾದದ್ದು. ಕೆಟ್ಟದ್ದು ಶುಭ ಶುಕ್ರವಾರದಂದು, ಏಸುವನ್ನು ಶಿಲುಬೆಗೇರಿಸಿದ ದಿನದ ಆರಾಧನೆಯಲ್ಲಿ. ಸೆರೆಯಾಳುಗಳ ಹೆಸರನ್ನೂ ಓದುತ್ತೇನೆ ಬನ್ನಿ ಎಂದು ಪಾಸ್ಟರೇ ಮಿರಿಯಮ್ಮರನ್ನು ಕರೆದಿದ್ದರು. ಪಕ್ಕದ ಹಾಲಿನಲ್ಲಿ ನಾನು ಯುಗಾದಿ ಕಾರ್ಯಕ್ರಮದ ಪ್ರಾಕ್ಟೀಸು ಮಾಡಿಸುತ್ತಿದ್ದೆ. ಗೋಡೆಯಾಚೆ ಇದ್ದಕ್ಕಿದ್ದಂತೆ ಇಡೀ ಸಭೆ, ಶಿಲುಬೆಗೆ ಹಾಕಿ, ಶಿಲುಬೆಗೆ ಹಾಕಿ ಎಂದು ಕೂಗಿತು. ನಮ್ಮ ಮಕ್ಕಳು ಕೋಲಾಟ ನಿಲ್ಲಿಸಿದರು. ಪಾಸ್ಟರ ಊರಿನ ಚರ್ಚಿನಲ್ಲಿ ಅದು ಪದ್ಧತಿಯಂತೆ: ಅಂದು ಕಥೆಯನ್ನು ಪಾತ್ರ ಹಂಚಿಕೊಂಡು ಓದುತ್ತಾರೆ, ಯೆಹೂದ್ಯರು ಕೂಗಿದರು ಎಂದು ಪಾಸ್ಟರು ಓದಿದ ಕೂಡಲೇ ಸಭೆಯವರು ಕೂಗುತ್ತಾರೆ, ಉಪವಾಸ ಇದ್ದು ಆಮೇಲೆ ಗಂಜಿ ಉಣ್ಣುತ್ತಾರೆ. ವಾಲ್ನಟ್ ಕ್ರೀಕಿನವರು ಎಷ್ಟೋ ವರ್ಷದಿಂದ 'ಯೆಹೂದ್ಯರು' ಎಂಬ ಮಾತನ್ನು ತೆಗೆದು 'ಜನರು' ಎಂದು ಓದುತ್ತಿದ್ದರು. ಏಕೆ ತೆಗೆದಿದ್ದರು ಎಂದು ಇವರು ಕೇಳಲಿಲ್ಲ. ಈ ಸಲ ಊರಿನ ಹಾಗೇ ಇರಲಿ ಎಂದು ಹಳೆಯ ಪಾಠವನ್ನೇ ಹೊರಗೆ ತೆಗೆದರು. ಅದು ಮುಗಿದದ್ದೇ ಗಾಜಾದ ಮಕ್ಕಳ ಹೆಸರು ಓದಲು ಶುರು ಮಾಡಿದರು.

ಮಿರಿಯಮ್ ಹೊರಗೆ ಬಂದದ್ದನ್ನು ನಾನು ಕಿಟಕಿಯಿಂದ ಕಂಡೆ. ಕೋಟಿನ ಗುಂಡಿಯನ್ನೂ ಹಾಕಿಕೊಂಡಿರಲಿಲ್ಲ. ರಸ್ತೆ ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಚರ್ಚಿನ ಮೆಟ್ಟಿಲ ಮೇಲೆ ಡಬ್ಬಿ ಇತ್ತು. ತೊಳೆದು ಒರೆಸಿದ ಡಬ್ಬಿ, ಒಳಗೆ ಏನೂ ಇರಲಿಲ್ಲ.

ಪಾಸ್ಟರು ಅದನ್ನು ಎತ್ತಿಕೊಂಡು ಸೀದಾ ಅವರ ಮನೆಗೆ ಹೋದರು. ಒಳಗೆ ಕರೆಯದೆ ಮಿರಿಯಮ್ ಬಾಗಿಲಲ್ಲೇ ನಿಂತು ತಮ್ಮ ಅಜ್ಜಿಯ ಕಥೆ ಹೇಳಿದರಂತೆ. ಪೋಲೆಂಡಿನ ಆ ಹಳ್ಳಿಯಲ್ಲಿ ಶುಭ ಶುಕ್ರವಾರ ಬಂತೆಂದರೆ ಯೆಹೂದಿಗಳು ಕಿಟಕಿ ಮುಚ್ಚಿ ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದರು. ಚರ್ಚಿನಿಂದ ಹೊರಬಿದ್ದ ಜನ ಅದೇ ಕೂಗು ಕೂಗಿಕೊಂಡು ಅವರ ಬೀದಿಗೆ ನುಗ್ಗುತ್ತಿದ್ದರು. ಯೆಹೂದಿಗಳು ಮಕ್ಕಳನ್ನು ಕೊಲ್ಲುವವರು ಎಂಬ ಹಳೆಯ ಸುಳ್ಳು ಆರೋಪವನ್ನೂ ಕೂಗುತ್ತಿದ್ದರು. ನೀನು ನಿನ್ನೆ ಎರಡನ್ನೂ ಒಂದೇ ಉಸಿರಿನಲ್ಲಿ ಓದಿದೆ, ಅದೂ ನನ್ನನ್ನು ಕರೆದು ಕೂರಿಸಿ ಎಂದರಂತೆ.

"ನಮ್ಮ ಊರಲ್ಲಿ ಯೆಹೂದ್ಯರು ಅಂದ್ರೆ ಪುಸ್ತಕದ ಒಳಗೆ ಇರುವವರು" ಎಂದು ಪಾಸ್ಟರು ನನಗೆ ಹೇಳಿದರು. "ಹಿಂದಿನ ಬೆಂಚಿನಲ್ಲಿ ಕೋಟು ಹಾಕಿಕೊಂಡು ಕೂತವರಲ್ಲ. ನನಗೆ ಗೊತ್ತಿರ್ಲಿಲ್ಲ ಅಂತ ಹೇಳ್ಬಹುದು. ಪಾಸ್ಟರಿಗೆ ಗೊತ್ತಿರ್ಬೇಕಿತ್ತಲ್ವಾ?"

ಮುಂದಿನ ಭಾನುವಾರ ವೇದಿಕೆಯ ಮೇಲೆ ನಿಂತು, ಆ ಪಾಠ ಓದಿದ್ದು ತನ್ನ ತಪ್ಪು, ಕ್ಷಮೆ ಕೇಳುತ್ತೇನೆ ಎಂದರು. ಆಮೇಲೆ ಹೆಸರುಗಳನ್ನು ಓದಿದರು.

ಅಷ್ಟರಲ್ಲಿ ಶುಕ್ರವಾರದ್ದನ್ನು ಯಾರೋ ವಿಡಿಯೋ ಮಾಡಿ ಹರಿಬಿಟ್ಟಿದ್ದರು. ಕೂಗು, ಕೂಗಿನ ಬೆನ್ನಿಗೆ ಹೆಸರು. ಯೆಹೂದಿ ದ್ವೇಷಿ ಎಂದು ಎಲ್ಲೆಲ್ಲಿಂದಲೋ ಈಮೇಲುಗಳು ಬಂದವು. ಬೈದವರಲ್ಲಿ ನಿಜವಾಗಿ ನೊಂದವರೂ ಇದ್ದರು, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗೆ ಬೋರ್ಡಿನ ಮೇಲಿನ ಸಿಟ್ಟನ್ನು ಇದರಲ್ಲಿ ತೀರಿಸಿಕೊಂಡವರೂ ಇದ್ದರು. ಕಮಿಟಿ ಒಂದು ಹೇಳಿಕೆ ಬರೆದು ತಂದಿತು: ಶುಭ ಶುಕ್ರವಾರದ ಪಾಠಕ್ಕೂ, ಗಾಜಾ ಕುರಿತ ಮಾತು, ಪ್ರಾರ್ಥನೆಗಳಿಗೂ ವಿಷಾದಿಸುತ್ತೇನೆ, ಇನ್ನು ಮುಂದೆ ಎರಡನ್ನೂ ಮಾಡುವುದಿಲ್ಲ. ಕೆಳಗೆ ಅವರ ಸಹಿಗೆ ಜಾಗ.

ಪಾಸ್ಟರು ಎರಡು ಕಾಗದ ಮಾಡಿಕೊಡಿ ಎಂದು ಕೇಳಿದರು. ಪಾಠದ ಕಾಗದಕ್ಕೆ ಈಗಲೇ ಸಹಿ ಹಾಕುತ್ತೇನೆ, ಮಕ್ಕಳ ಕಾಗದಕ್ಕೆ ಹಾಕುವುದಿಲ್ಲ ಎಂದರು. ಕಮಿಟಿಯವರು ಒಳ್ಳೆಯ ಜನವೇ. ಜನರಿಗೆ ಅಷ್ಟೆಲ್ಲ ವಿವರ ಅರ್ಥವಾಗುವುದಿಲ್ಲ, ಒಂದೇ ಸಾಕು ಎಂದರು. ಮೂರು ಶನಿವಾರ ಹಾಲಿನ ಕುರ್ಚಿಗಳು ಎಂಥ ನೇರ ನಿಂತಿದ್ದವೆಂದರೆ ಮಕ್ಕಳು ಅವುಗಳ ಮೇಲೆ ಕೂರಲು ಹಿಂದೆ ಮುಂದೆ ನೋಡಿದರು.

ಅವರ ಮನೆಯಲ್ಲಿ ಒಂದು ಸಂಜೆ ನಾನು ಇದ್ದಾಗಲೇ ಮಗಳು, "ಜಸ್ಟ್ ಸೈನ್ ಇಟ್, ಅಪ್ಪಾ. ಪ್ಲೀಸ್" ಎಂದಳು. ಅವಳಿಗೆ ಇನ್ನೊಂದೇ ವರ್ಷ ಹೈಸ್ಕೂಲು. ಅಮ್ಮ ಒಳಗೆ ನೀರು ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಲೇ ಇದ್ದರು. ಪಾಸ್ಟರು ಮಗಳನ್ನು ನೋಡಿ, "ಮಿರಿಯಮ್ಮನ ಹತ್ರ ಮಾಡಿದ್ದು ತಪ್ಪು, ಹೇಳಿದೆ. ತಪ್ಪಲ್ಲದ್ದನ್ನು ತಪ್ಪು ಅಂತ ಅದರ ಜೊತೆ ಸೇರಿಸಿದ್ರೆ, ಮೊದಲು ಕೇಳಿದ ಕ್ಷಮೆಯೂ ಸುಳ್ಳಾಗ್ತದೆ ಮಗಾ" ಎಂದರು. ಅವಳಿಗೆ ಎಷ್ಟು ಅರ್ಥವಾಯಿತೋ. "ಓಕೆ" ಎಂದು ರೂಮಿಗೆ ಹೋದಳು.

ಸಭೆಯವರು ಮತ ಹಾಕಿದರು. ಪಾಸ್ಟರ ಕೆಲಸ ಹೋಯಿತು, ಅದರ ಜೊತೆ ಗ್ರೀನ್ ಕಾರ್ಡಿನ ಅರ್ಜಿಯೂ. ಅವರ ಕೊನೆಯ ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ನಿಂತು, ಏನು ಸಿಕ್ಕಿತು ಸಾರ್ ಇದರಿಂದ ಎಂದು ನಾನು ಒರಟಾಗಿಯೇ ಕೇಳಿದೆ. ನನಗೆ ಸಿಟ್ಟು ಬಂದಿತ್ತು. ಬಹಳ ತಿಂಗಳ ಮೇಲೆ ಬಂದ ಸಿಟ್ಟು.

"ಎಂತ ಸಿಗುದು? ನಾನು ಓದಿದ್ದಕ್ಕೆ ಒಂದು ಮಗುವೂ ಉಳಿಲಿಲ್ಲ" ಎಂದರು. ಕಾರಿನ ಬಾಗಿಲು ತೆಗೆದರು. "ಬರ್ತೇನೆ ಆಯ್ತಾ. ಯುಗಾದಿ ಪಾಯಸಕ್ಕೆ ಬೆಲ್ಲ ಜಾಸ್ತಿ ಹಾಕ್ತೀರಿ ನೀವು, ಕಮ್ಮಿ ಮಾಡಿ." ಅದೇ ನಾನು ಅವರನ್ನು ಕೊನೆಯ ಸಲ ಕಂಡದ್ದು.

ಹೊಸ ಪಾಸ್ಟರು ಬಂದ ಮೇಲೊಂದು ಭಾನುವಾರ ಹಾಲಿನ ಬೀಗದ ಕೈ ಕೇಳಲು ಹೋಗಿದ್ದೆ. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು. ಲೋಕದಲ್ಲೆಲ್ಲ ಶಾಂತಿ ಇರಲಿ ಎಂದರು, ಎಲ್ಲರೂ ಆಮೆನ್ ಅಂದರು, ಕಾಫಿಗೆ ಎದ್ದರು. ಬೀಗದ ಕೈ ಇಸಿದುಕೊಂಡು ಹೊರಗೆ ಬಂದಾಗ ಮಿರಿಯಮ್ ತಮ್ಮ ಗೇಟಿನಲ್ಲಿ ನಿಂತಿದ್ದರು. ಕೈಸನ್ನೆ ಮಾಡಿ ಕರೆದರು. ಅವನು ನಿಜವಾಗಿಯೂ ಹೋದನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು, ಉಡುಪಿಗೆ ಎಂದೆ. ಅವರನ್ನು ತೆಗೆದದ್ದು ನಿಮಗಾದ ನೋವಿಗಾಗಿಯೇ ಎಂದು ಕಮಿಟಿಯವರು ಆಮೇಲೆ ಹೊರಡಿಸಿದ ಹೇಳಿಕೆಯಲ್ಲಿ ಬರೆದಿದ್ದಾರೆ ಎಂದೂ ಹೇಳಿದೆ.

ಆಕೆ ಚರ್ಚಿನ ಕಡೆ ತಿರುಗಿದರು.

"ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ" ಎಂದರು. "ನಮ್ಮ ಜಗಳ ಮುಗಿದಿರಲಿಲ್ಲ. ಅವನನ್ನು ಕಳಿಸಿಬಿಡಿ ಅಂತ ನಾನು ಯಾರಿಗೆ ಹೇಳಿದ್ದೆ?"